ಮರದ ಕೋವಿಗೆ ತೀರ್ಪು ಕೊಡುತ್ತಿದ್ದವರು

ಈ ಸಲ ವಿಜಯದಶಮಿಯ ಮಾರನೆಯ ದಿನ ಯಳಂದೂರಿನ ಶಾಲೆಯ ಬಯಲಿನಲ್ಲಿ ನನ್ನ ಮೊಮ್ಮಗಳು ಭಾಗ್ಯ ಪಂದ್ಯದ ತೀರ್ಪುಗಾರರ ಕುರ್ಚಿಯಲ್ಲಿ ಕುಳಿತಳು. ಕುಳಿತಳು ಅಂತ ಬರೆದು, ಸಂತೋಷಕ್ಕೆ ಇನ್ನೊಂದು ಸಲ ಓದಿಕೊಂಡೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಗಂಡಸರು, ಬಾಚಿ ಉಳಿ ಹಿಡಿದು ಅಂಗೈ ಕಲ್ಲಾದವರು, ತಾವು ಮಾಡಿದ ಮರದ ಕೋವಿಗಳನ್ನು ಎಳೆಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಅವಳ ಮುಂದೆ ನಿಂತರು. ನಾನು ಹೆಂಗಸರ ನಡುವೆ ಕುಳಿತು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ.

"ಯಾಕವ್ವ ಅಳ್ತೀಯೆ, ನಿನ್ ಮೊಮ್ಮಗಳು ಗೆದ್ದವಳೆ ಅಲ್ವಾ?" ಅಂದಳು ಪಕ್ಕದವಳು.

"ಅವಳು ಗೆಲ್ಲೋದಲ್ಲ ಕಣೆ, ಯಾರು ಗೆದ್ದೋರು ಅಂತ ಯೋಳೋಳೇ ಅವಳು" ಅಂದೆ. ಅಷ್ಟು ಹೇಳುವುದರೊಳಗೆ ಮತ್ತೆ ಅಳು ಬಂತು.

ಆ ಕುರ್ಚಿ ಇಷ್ಟು ವರ್ಷವೂ ಒಬ್ಬರದೇ ಆಗಿತ್ತು. ಯುಗಾದಿ ಕಳೆದ ಮೇಲೆ ಅವರು ತೀರಿಕೊಂಡರು. ಅವರ ವಿಷಯ ಬರೆಯದೆ ಈ ಸಂತೋಷ ನನಗೆ ದಕ್ಕುವುದಿಲ್ಲ ಅನ್ನಿಸಿ ಕೂತಿದ್ದೇನೆ.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಯಾರಾದರೂ ಹೆಸರು ಹಿಡಿದು ಹೊಗಳಿದರೆ ಟವೆಲ್ಲು ಕೊಡವಿಕೊಂಡು ಎದ್ದು ಹೋಗುತ್ತಿದ್ದರು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮಿಲ್ಟ್ರಿಯೋರು ಅಂದರೆ ಸಾಕಿತ್ತು. ಹುಟ್ಟಿದ್ದು ಹೂಗ್ಯಂ ಕಡೆ. ಚಿಕ್ಕ ವಯಸ್ಸಿಗೇ ಪಟಾಲಮ್ಮಿಗೆ ಸೇರಿ, ತಲೆ ನರೆತ ಮೇಲೆ ವಾಪಸು ಬಂದವರು. ಗುಂಡು ಹಾರಿಸುವ ಕೆಲಸ ಅವರದಲ್ಲ. ಹಾರಿಸುವವರ ಕೋವಿ ಕೆಟ್ಟರೆ ರಿಪೇರಿ ಮಾಡುವುದು ಅವರ ಕೆಲಸ. ನಮ್ಮ ಕಡೆಯ ಕನ್ನಡದಲ್ಲಿ ಮಾತು ಶುರು ಮಾಡಿ, ಲೆಕ್ಕ ತಮಿಳಿನಲ್ಲಿ ಹಾಕಿ, ಸಿಟ್ಟು ಬಂದರೆ ಹಿಂದಿಯಲ್ಲಿ ಬೈಯುತ್ತಿದ್ದರು. ಬೈಗುಳದ ಅರ್ಥ ನಮಗೆ ಆಗುತ್ತಿರಲಿಲ್ಲವಾದ್ದರಿಂದ ಯಾರಿಗೂ ಬೇಜಾರೂ ಇರಲಿಲ್ಲ.

ಅವರು ನಮ್ಮ ಮನೆಗೆ ಮೊದಲ ಸಲ ಬಂದದ್ದು ರೇಷ್ಮೆ ಎಳೆ ಕೇಳಿಕೊಂಡು. ನಾನು ಜಗುಲಿಯ ಪಕ್ಕದ ಚಪ್ಪರದಲ್ಲಿ ಬಿಸಿನೀರಿಗೆ ಗೂಡು ಹಾಕಿ ನೂಲು ಬಿಚ್ಚುತ್ತಿದ್ದೆ. ಬಾಗಿಲಲ್ಲಿ ನೆಟ್ಟಗೆ ನಿಂತು, "ತಂಗ್ಯವ್ವ, ಒಂದು ಗೇಣು ನೂಲು ಬೇಕಾಗಿತ್ತು" ಅಂದರು.

"ಒಂದು ಗೇಣಾ? ಅದುನ್ನ ತಕಂಡು ಏನು ಮಾಡೀರಿ ಅಣ್ಣ, ಇರುವೆಗೆ ಪಂಚೆ ನೇಯ್ತೀರಾ?" ಅಂದೆ.

ಅವರು ನಗಲಿಲ್ಲ. ಜೇಬಿನಿಂದ ಒಂದು ಪುಟ್ಟ ಕೊಳವೆ ತೆಗೆದು ನನ್ನ ಒದ್ದೆ ಕೈಗೇ ಕೊಟ್ಟರು. ಮರದಲ್ಲಿ ಕಡೆದ ಕೊಳವೆ, ಒಳಗೆ ಕಪ್ಪು ಬಳಿದಿತ್ತು. "ಇದು ದುರ್ಬೀನು. ಇದರ ಆ ಕಡೆ ಬಾಯಿಗೆ ಒಂದು ಎಳೆ ಉದ್ದಕ್ಕೆ, ಒಂದು ಎಳೆ ಅಡ್ಡಕ್ಕೆ ಕಟ್ಟಬೇಕು. ಹತ್ತಿ ನೂಲು ಹಾಕಿದ್ರೆ ನೂಲಿನ ಜುಂಗೇ ಕಾಣ್ತದೆ, ಗುರಿ ಕಾಣದಿಲ್ಲ. ನಿನ್ ಗೂಡಿನ ಎಳೇಲಿ ಜುಂಗಿಲ್ಲ" ಅಂದರು.

ಕೆಲವು ಗೂಡಿನ ಎಳೆಗಳನ್ನು ಸೇರಿಸಿ, ದೀಪದ ಮಸಿ ಹಚ್ಚಿ, ಕೊಳವೆಯ ಬಾಯಿಗೆ ಬಿಗಿದು ಕೊಟ್ಟೆ. ಅವರು ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಕೊಳವೆ ಹಿಡಿದು, ಎದುರು ಮನೆಯ ಹೆಂಚಿನ ಮೇಲೆ ಕೂತ ಗುಬ್ಬಿಯನ್ನು ನೋಡಿದರು. "ಶಾಬಾಸ್" ಅಂದರು. ನಂತರ ನನ್ನ ಕೈಗೂ ಕೊಟ್ಟರು. ಎರಡು ಕರೀ ಎಳೆ ಕೂಡುವ ಜಾಗದಲ್ಲಿ ಆ ಗುಬ್ಬಿ ಕುಳಿತಿತ್ತು. ಬೇರೆ ಏನೂ ಇಲ್ಲ, ಗುಬ್ಬಿ ಒಂದೇ. ನಾನು ಹುಟ್ಟಿದಾಗಿನಿಂದ ಸಾವಿರ ಗುಬ್ಬಿ ನೋಡಿದ್ದೆನೇನೋ. ಒಂದು ಗುಬ್ಬಿಯನ್ನು ನೋಡಿದ್ದು ಅವತ್ತೇ.

ಅವರು ಮಾಡುತ್ತಿದ್ದುದು ಬ್ರಿಟಿಷರ ಕಾಲದ ತ್ರೀ-ನಾಟ್-ತ್ರೀ ಕೋವಿಯ ನಕಲು. ಅದರಲ್ಲೂ ದುರ್ಬೀನು ಕೂಡಿಸಿದ ಕೋವಿ. ಮರೆಯಲ್ಲಿ ಮಲಗಿ ದೂರದ ಒಂದೇ ಗುರಿಗಾಗಿ ಕಾಯುವ ಸಿಪಾಯಿಗೆ ಕೊಡುತ್ತಿದ್ದದ್ದಂತೆ. ಪಟಾಲಮ್ಮಿನಲ್ಲಿ ಅಂಥವು ಅವರ ಕೈಯಲ್ಲಿ ಎಷ್ಟು ಓಡಾಡಿದ್ದವೋ, ಊರಿಗೆ ಬಂದ ಮೇಲೆ ಅಳತೆಪಟ್ಟಿ ಇಲ್ಲದೆ ನೆನಪಿನಲ್ಲೇ ಒಂದನ್ನು ಕೆತ್ತಿದರು. ಹಲಸಿನ ಮರ. ಕೊಯ್ದಾಗ ಹಳದಿ ಇರುತ್ತದೆ. ಅಗಸೆ ಎಣ್ಣೆ ಹಚ್ಚಿ ಅಂಗೈಯಲ್ಲಿ ಬಿಸಿಯಾಗುವ ತನಕ ಉಜ್ಜುತ್ತ ಹೋದರೆ ಬರಬರುತ್ತ ಹಳೇ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಉಜ್ಜುವಾಗ ಅವರ ಜೊತೆ ಯಾರೂ ಮಾತಾಡುವಂತಿರಲಿಲ್ಲ.

ಪಂದ್ಯ ಶುರುವಾದದ್ದು ಒಂದು ನಾಟಕದಿಂದ. ಹನೂರಿನಲ್ಲಿ ಊರ ಹುಡುಗರು ನಾಟಕ ಕಟ್ಟಿದ್ದರು. ಅದರಲ್ಲಿ ಒಬ್ಬ ಸಿಪಾಯಿ. ಆ ಹುಡುಗ ಹಲಗೆ ಕೋವಿಯ ಹಿಂಭಾಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ವೈರಿ, ನಿಲ್ಲು!" ಅಂದ. ಮುಂದಿನ ಸಾಲಿನಲ್ಲಿ ಕೂತಿದ್ದ ಮಿಲ್ಟ್ರಿಯೋರು ಎದ್ದು ಸೀದಾ ರಂಗದ ಮೇಲೆ ಹತ್ತಿಬಿಟ್ಟರು. ಹುಡುಗನ ಭುಜ ಹಿಡಿದು ತಿರುಗಿಸಿ, ಕೋವಿಯ ಬುಡವನ್ನು ಭುಜದ ಗುಳಿಗೆ ಒತ್ತಿ, ಅವನ ಕೆನ್ನೆಯನ್ನು ಮರಕ್ಕೆ ಆನಿಸಿ, "ಈಗ ಯೋಳ್ಲಾ, ನಿಲ್ಲು ಅಂತ" ಅಂದರು. ಪೆಟ್ಟು ತಿನ್ನಬೇಕಾಗಿದ್ದ ವೈರಿ ಅಷ್ಟು ಹೊತ್ತೂ ಕೈಕಟ್ಟಿಕೊಂಡು ಕಾಯುತ್ತಿದ್ದ. ಜನ ಬಿದ್ದು ಬಿದ್ದು ನಕ್ಕರು. ಇವರು ಕೆಳಗಿಳಿದು ತಮ್ಮ ಜಾಗದಲ್ಲಿ ಕುಳಿತು, "ಉಂ, ನಡೀಲಿ" ಅಂದರು.

ಆ ಹಲಗೆ ಕೋವಿ ಮಾಡಿದವನು ಹನೂರಿನ ನಂಜುಂಡಾಚಾರಿ, ನೇಗಿಲು ನೊಗ ಮಾಡುವವನು. ಮಾರನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿ ಬಂದು ಇವರ ಬಾಗಿಲಲ್ಲಿ ನಿಂತ. "ನನ್ ಕೆಲ್ಸನ ಊರವರ ಮುಂದೆ ತೆಗುದಾಕ್ಬುಟ್ರಲ್ಲ ಸಾ. ಸರಿಯಾದ್ದು ಎಂಗಿರ್ತದೆ ಅಂತ ತೋರ್ಸಿ, ಮಾಡಿ ತತ್ತೀನಿ" ಅಂದ. ತೋರಿಸಿದರು. ಅವನು ಮಾಡಿ ತಂದ. ಅದನ್ನು ನೋಡಿ ಯಳಂದೂರಿನ ಒಬ್ಬ, ಮಧುವನಹಳ್ಳಿಯ ಒಬ್ಬ. ಆಯುಧಪೂಜೆಯ ದಿನ ಬಾಚಿ ಉಳಿಗಳ ಜೊತೆ ಈ ಕೋವಿಗಳಿಗೂ ಕುಂಕುಮ ಇಟ್ಟು, ದಶಮಿ ಕಳೆದ ಮಾರನೆಯ ದಿನ ಒಂದು ಕಡೆ ಸೇರುವುದು ರೂಢಿಯಾಯಿತು.

ಅವರ ಕಟ್ಟುಪಾಡು ಬಹಳ ಬಿಗಿ. ಕೋವಿಯ ನಳಿಗೆ ಒಳಗೆ ಟೊಳ್ಳಿರಬಾರದು. ಬಾಯಿಯಲ್ಲಿ ಬೆರಳಿನ ತುದಿ ಹೋಗುವಷ್ಟು ಮಾತ್ರ ತೋಡಬೇಕು, ಹಿಂದಕ್ಕೆ ಪೂರ್ತಿ ಗಟ್ಟಿ ಮರ. ಯಾರಾದರೂ ಕಬ್ಬಿಣದ ಪೈಪು ಹಾಕಿ ತಂದರೆ ಆ ಮನುಷ್ಯನ ಮುಖವನ್ನೂ ನೋಡುತ್ತಿರಲಿಲ್ಲ. "ಕೊಲ್ಲೋ ವಸ್ತುನ ರಿಪೇರಿ ಮಾಡಿ ಮಾಡಿ ಸಾಕಾಗಿ ಬಂದೋನು ನಾನು. ಕೊಲ್ಲಕ್ಕಾಗದ ಕೋವಿ ತಕಂಬಾ, ಅದರ ಅಂದ ನೋಡ್ತೀನಿ" ಅನ್ನುತ್ತಿದ್ದರು. ಆ ವರ್ಷಗಳಲ್ಲಿ ರಾಮಾಪುರದ ಕಡೆಯ ರಸ್ತೆಗಳಲ್ಲಿ ಪೊಲೀಸರ ತಪಾಸಣೆ ಜೋರಿತ್ತು. ಹಾಗಾಗಿ ಠಾಣೆಗೆ ಮೊದಲೇ ತಿಳಿಸಬೇಕು, ನಳಿಗೆಯ ತುದಿಗೆ ಅರಿಶಿನದ ಬಣ್ಣ ಬಳಿಯಬೇಕು, ಕೋವಿಯನ್ನು ಬಿಚ್ಚಿ ಎರಡು ಚೀಲದಲ್ಲಿ ಇಬ್ಬರು ತರಬೇಕು ಅಂತ ಅವರೇ ನಿಯಮ ಮಾಡಿದ್ದರು.

ಇದರಿಂದ ಒಂದು ವರ್ಷ ತಮಾಷೆಯೇ ಆಯಿತು. ರಾಮಾಪುರದಿಂದ ಅಣ್ಣ ತಮ್ಮ ಹೊರಟಿದ್ದರು. ಹಿಂಭಾಗ ಹಿಡಿದ ಅಣ್ಣ ಬಸ್ಸು ಹತ್ತಿದ, ಮುಂಭಾಗ ಹಿಡಿದ ತಮ್ಮ ಬೀಡಿ ತರಲು ಹೋಗಿ ಹಿಂದೆ ಉಳಿದ. ಅಣ್ಣ ಅರ್ಧ ಕೋವಿ ಹಿಡಿದುಕೊಂಡು ಇವರ ಮುಂದೆ ನಿಂತ.

"ಇದೇನ್ಲಾ?"

"ಕೋವಿ ಸಾ. ಮಿಕ್ಕಿದ್ದು ಮುಂದ್ಲು ಬಸ್ಸಿಗೆ ಬತ್ತದೆ."

ಸುತ್ತ ನಿಂತವರೆಲ್ಲ ನಕ್ಕರು. ಇವರು ಆ ಅರ್ಧವನ್ನು ತೆಗೆದುಕೊಂಡು, ಇಡೀ ಕೋವಿ ನೋಡುವಷ್ಟೇ ನಿಧಾನವಾಗಿ ತಿರುಗಿಸಿ ತಿರುಗಿಸಿ ನೋಡಿದರು. ಮೂಸಿದರು. ಅಂಗೈಯಲ್ಲಿ ಸವರಿದರು. "ಇಷ್ಟುದ್ದಕ್ಕೆ ತಪ್ಪಿಲ್ಲ" ಅಂದರು. ಆ ಮನುಷ್ಯನ ಮುಖ ಅರಳಿದ್ದು ಇನ್ನೂ ನನ್ನ ಕಣ್ಣಲ್ಲಿದೆ. ಮುಂದಿನ ಬಸ್ಸು ಬರುವ ತನಕ ಯಾರಿಗೂ ಬಹುಮಾನ ಹೇಳಲಿಲ್ಲ. ಎಲ್ಲರೂ ಕಡಲೆಪುರಿ ತಿನ್ನುತ್ತ ಕೋವಿಯ ಮುಂಭಾಗಕ್ಕಾಗಿ ಕಾದೆವು.

ಅವರು ತೀರ್ಪು ಕೊಡುವ ರೀತಿಯನ್ನು ನೋಡಬೇಕಿತ್ತು. ಕೋವಿ ತಂದವನನ್ನು ಎದುರಿಗೆ ನಿಲ್ಲಿಸಿ ಮೊದಲು ಕೇಳುವುದು ಒಂದೇ ಮಾತು. "ಯಾರುದು ಇದು?" ನಂದು ಸಾ ಅಂದರೆ, "ಕಣ್ಮುಚ್ಚು. ಎತ್ತು. ಕಣ್ಬುಡು" ಅನ್ನುತ್ತಿದ್ದರು. ಕಣ್ಣು ಮುಚ್ಚಿಕೊಂಡು ಕೋವಿಯನ್ನು ಭುಜಕ್ಕೆ ಏರಿಸಿ, ಕೆನ್ನೆಯನ್ನು ಮರದ ಮೇಲೆ ಇಟ್ಟು, ಆಮೇಲೆ ಕಣ್ಣು ತೆರೆದರೆ ದುರ್ಬೀನಿನ ಎಳೆ ಸೀದಾ ಕಣ್ಣೆದುರಿಗೇ ಇರಬೇಕು. ಕತ್ತು ಒಂದು ಕೂದಲೆಳೆ ಅಲುಗಿಸಬೇಕಾಗಿ ಬಂದರೂ ಅವರಿಗೆ ಗೊತ್ತಾಗುತ್ತಿತ್ತು. ಅದಕ್ಕೆಂದೇ ಆ ಕೋವಿಯ ಹಿಂಭಾಗದ ಮೇಲೆ ಕೆನ್ನೆ ಆನಿಸಲು ಒಂದು ಮರದ ದಿಂಬು ಇರುತ್ತದೆ. ನಾವು ಕೆನ್ನೆದಿಂಬು ಅನ್ನುತ್ತಿದ್ದೆವು. ಕೆತ್ತುವವರ ಕಷ್ಟವೆಲ್ಲ ಅದರಲ್ಲೇ. ಉಬ್ಬುಗೆನ್ನೆಯವನಿಗೆ ತಗ್ಗಿಸಬೇಕು, ಒಣಗಿದ ಕೆನ್ನೆಯವನಿಗೆ ಎತ್ತರಿಸಬೇಕು. "ಕೋವಿ ನಿನ್ ತಾವ್ಕೆ ಬರ್ಬೇಕು. ನೀನು ಅದರ ತಾವ್ಕೆ ಓಗ್ಬಾರ್ದು" ಅನ್ನುವುದು ಅವರ ಮಾತು. ಆಮೇಲೆ ತಾವೂ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಳೆ ನೋಡಿ ತೀರ್ಪು ಹೇಳುತ್ತಿದ್ದರು. ಯಾರೂ ಎದುರಾಡುತ್ತಿರಲಿಲ್ಲ.

ಭಾಗ್ಯ ನನ್ನ ಮಗಳ ಮಗಳು. ಅವಳ ಅಪ್ಪ ಅಮ್ಮ ಮಧುವನಹಳ್ಳಿಯಲ್ಲಿ ಬೇಸಾಯ ಮಾಡುತ್ತಾರೆ. ಓದುವುದಕ್ಕೆಂದು ಚಿಕ್ಕಂದಿನಿಂದ ನನ್ನ ಮನೆಯಲ್ಲಿ ಇದ್ದವಳು. ಎಳೆ ಕೊಟ್ಟು ಬಾ ಅಂತ ಕಳಿಸಿದರೆ ತಾತ ತಾತ ಅಂತ ಮಿಲ್ಟ್ರಿಯೋರ ಮನೆಯಲ್ಲೇ ಕೂತುಬಿಡುತ್ತಿದ್ದಳು. ಗಾಜಿನ ಚೂರಿನಿಂದ ಮರ ಹೆರೆಯುವುದನ್ನು ಅವರು ಕಲಿಸಿದರು. ಹೆರೆದ ಪುಡಿ ತಲೆಗೂದಲಲ್ಲಿ ಅಂಟಿಸಿಕೊಂಡು ಮನೆಗೆ ಬರುತ್ತಿದ್ದಳು.

"ಎಣ್ಣು ಮಕ್ಳಿಗೆ ಕೋವಿ ಯಾಕೆ ಸಾ? ಒಲೆ ಊದಕ್ಕಾ?" ಅಂತ ಯಾರೋ ಬಾಗಿಲಲ್ಲಿ ಹೋಗುತ್ತ ಕೇಳಿದರು.

"ನೀನು ಮಾಡ್ದ ಕೋವಿ ಓದ್ವರ್ಸ ಒಲೆಗೇ ಸೈ ಅಂತ ನಾನೇ ಅಂದಿದ್ನಲ್ಲಪ್ಪ. ಅದುನ್ನ ಇವಳಿಗೆ ಕೊಡು, ಊದ್ತಾಳೆ" ಅಂದರು ಮಿಲ್ಟ್ರಿಯೋರು, ತಲೆ ಎತ್ತದೆ.

ಹೀಗಿರುವಾಗ, ಹೋದ ವರ್ಷದ ಹಿಂದಿನ ದಸರೆಯಲ್ಲಿ ಅದು ನಡೆಯಿತು.

ಪಂದ್ಯ ಆ ಸಲ ಹನೂರಿನಲ್ಲಿ. ನಂಜುಂಡಾಚಾರಿ ತನ್ನ ಕೋವಿ ಕೊಟ್ಟ. ಅವನು ಬಾಯಿ ತೆರೆಯುವ ಮೊದಲೇ ಇವರು ಅದನ್ನು ಭುಜಕ್ಕೆ ಏರಿಸಿ ಬಲಗಣ್ಣಿಟ್ಟು ನೋಡಿ, "ಎಳೆ ಒಳ್ಳೆ ನೇರಕ್ಕದೆ" ಅಂದರು.

ನಂಜುಂಡಾಚಾರಿ ಕೈ ಕೈ ಹಿಸುಕಿಕೊಂಡ. "ಸಾ... ಎಳೆ ಕಿತ್ತೋಗದೆ ಸಾ. ಬೆಳಿಗ್ಗೆ ಜೋಡ್ಸುವಾಗ್ಲೇ ಕಿತ್ತೋಯ್ತು. ಅದುನ್ನೇ ಯೋಳನ ಅಂತಿದ್ದೆ. ಒಳಗೆ ಏನೂ ಇಲ್ಲ ಸಾ."

ಮಿಲ್ಟ್ರಿಯೋರು ಕೋವಿಯನ್ನು ಕೆಳಗಿಟ್ಟು, "ಬಿಸ್ಲು ಜಾಸ್ತಿ ಅದೆ" ಅಂದರು. ಮುಂದಿನವನನ್ನು ಕರೆದರು. ಆ ದಿನ ಅವರು ಹೇಳಿದ ತೀರ್ಪನ್ನು ಜನ ತಲೆಯಾಡಿಸಿ ಒಪ್ಪಿದರೂ, ಬಸ್ಸಿನಲ್ಲಿ ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ, "ಬರೋ ವರ್ಸ ಒನಕೆ ತಕಂಡೋಗಿ ಕೊಡ್ಲಾ, ಅದ್ಕೂ ಎಳೆ ನೇರಕ್ಕದೆ ಅಂತಾರೆ" ಅಂತ ನಕ್ಕಿದ್ದು ನನ್ನ ಕಿವಿಗೆ ಬಿತ್ತು. ಅವರ ಕಿವಿಗೂ ಬಿದ್ದಿರಬೇಕು. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಆಮೇಲೆ ಒಂದು ವರ್ಷ ಆ ಮಾತೇ ಎಲ್ಲ ಕಡೆ. ಮೈಸೂರಿನಿಂದ ಬೇರೆ ಯಾರನ್ನಾದರೂ ಕರೆಸಬೇಕು ಅಂತ ಕೆಲವರು. ನಂಜುಂಡಾಚಾರಿಯೇ ನಮ್ಮ ಮನೆಗೆ ಬಂದು ಜಗುಲಿಯ ತುದಿಯಲ್ಲಿ ಕುಳಿತ. "ಅವ್ವ, ನೀವು ಯೋಳಿದ್ರೆ ಕೇಳ್ತಾರೆ. ಈ ವರ್ಸ ಕೂರೋದು ಬ್ಯಾಡ ಅನ್ನಿ. ಐಕ್ಳು ಬೇಕಂತ್ಲೇ ಎಳೆ ಇಲ್ದಿರೋ ಕೋವಿ ಕೊಟ್ಟು ನೋಡ್ಬೇಕು ಅಂತ ಮಾತಾಡ್ಕತಾವೆ. ಅವ್ರು ನಗೆಪಾಟಲಾಗೋದುನ್ನ ನನ್ ಕಣ್ಣಲ್ಲಿ ನೋಡಾಕಾಗಲ್ಲ" ಅಂದ. ಅವರಿಂದ ಊರವರೆದುರು ಅವಮಾನವಾಯಿತು ಅಂತ ಬಂದ ಮನುಷ್ಯ ಇವನೇ. ಈಗ ಅವರ ಮಾನಕ್ಕಾಗಿ ಕಣ್ಣಲ್ಲಿ ನೀರು ತಂದುಕೊಂಡಿದ್ದ.

ಮಿಲ್ಟ್ರಿಯೋರ ಮನೆಗೆ ಹೋದೆ. ಅವರು ಕಾಫಿ ಬಗ್ಗಿಸುತ್ತಿದ್ದರು. ಲೋಟದ ಪಕ್ಕಕ್ಕೆ ಒಂದಿಷ್ಟು ಚೆಲ್ಲಿತು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

"ಅಣ್ಣ, ಕಣ್ಣು..." ಅಂದೆ.

"ಚೆಂದಾಗದೆ ಕಣವ್ವ." ಬಟ್ಟೆ ತೆಗೆದುಕೊಂಡು ಒರೆಸುತ್ತ, "ಆ ಕುರ್ಚಿ ಬುಟ್ರೆ ನಂಗೆ ಬ್ಯಾರೆ ಏನದೆ ತಂಗ್ಯವ್ವ? ಯಾರಾರ ನನ್ ತಾವ ಒಂದು ವಸ್ತು ತಂದು ಇದು ಎಂಗದೆ ಅಂತ ಕೇಳೋದು ಅವತ್ತೊಂದಿನ" ಅಂದರು. ನಾನು ಕಾಫಿ ಕುಡಿದು ಎದ್ದು ಬಂದೆ.

ಅದೇ ದಿನಗಳಲ್ಲಿ ಭಾಗ್ಯ ನಮ್ಮ ಹಿತ್ತಿಲ ಚಪ್ಪರದಲ್ಲಿ ಒಂದು ಕೋವಿ ಮಾಡುತ್ತಿದ್ದಳು. ಅವರಿಗೆ ತೋರಿಸದೆ ಮಾಡುತ್ತಿದ್ದಳು. ಒಂದು ದಿನ ನಾನು ಗೂಡು ಹರವಲು ಹೋಗಿ ಕಣ್ಣಾಡಿಸಿದೆ. ಇಷ್ಟು ವರ್ಷ ನೋಡಿ ನೋಡಿ ನನಗೂ ಒಂದಷ್ಟು ಗೊತ್ತಿತ್ತಲ್ಲ, ಗೂಡನ್ನು ಅಲ್ಲೇ ಕೆಳಗಿಟ್ಟೆ. ಗುಂಡು ತುಂಬಲು ಎಳೆಯುವ ಬೋಲ್ಟಿನ ಹಿಡಿ ಬಲಗಡೆ ಇರಬೇಕು. ಅದು ಎಡಗಡೆ ಇತ್ತು.

"ಅಯ್ಯೋ ಮೊಗ, ಎಲ್ಲ ತಿರುಗಾ ಮುರುಗಾ ಮಾಡಿದ್ದೀಯಲ್ಲ! ಈ ಕೆನ್ನೆದಿಂಬೂ ಉಲ್ಟಾ ಅದೆ. ಮಿಲ್ಟ್ರಿಯೋರು ನೋಡಿದ ತಕ್ಷಣ ತೆಗುದಾಕ್ತಾರೆ."

"ಗೊತ್ತು ಅಜ್ಜಿ" ಅಂದಳು, ಗಾಜಿನ ಚೂರು ಆಡಿಸುತ್ತಲೇ. "ತಾತ ಕೋವಿ ಎತ್ತಿದಾಗ ಮೊದ್ಲು ಎಡಗಣ್ಣು ಮುಚ್ತಿದ್ರು. ಈಗ ಮುಚ್ಚೋದೇ ಇಲ್ಲ. ನೋಡಿದ್ದೀಯಾ?"

ನಾನು ನೋಡಿರಲಿಲ್ಲ.

"ಮುಚ್ಚಿದ್ರೆ ಕತ್ತಲೆ ಆಯ್ತದೆ ಅಜ್ಜಿ ಅವ್ರಿಗೆ. ಬಲಗಣ್ಣು ಪೂರ್ತಿ ಓಗ್ಬುಟ್ಟದೆ. ಎಡಗಣ್ಣು ಚೆನ್ನಾಗದೆ."

"ಅಳತೆ ಎಲ್ಲಿ ತಕಂಡೆ?"

"ತೋಳಿನ ಅಳತೆ ಅವ್ರು ಒಣಗಾಕಿದ್ದ ಅಂಗೀಲಿ ತಕಂಡೆ. ಕೆನ್ನೆ ದಿನಾ ನೋಡ್ತೀನಲ್ಲ."

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಹೊಟ್ಟೆಯಲ್ಲಿ ಹುಟ್ಟಿದ ಕೂಸು ಹೀಗೆ ಹೇಳಿದಾಗ ನನಗೆ ಆದದ್ದನ್ನು ಬರೆಯಲು ಬರುವುದಿಲ್ಲ. ಹೆಮ್ಮೆಯ ಜೊತೆಗೆ ಹೆದರಿಕೆಯೂ ಆಯಿತು. ಮುಚ್ಚಿಟ್ಟುಕೊಂಡದ್ದನ್ನು ಜನರೆದುರು ಬಿಚ್ಚಿದರೆ ಆ ಮುದುಕ ತಡೆದುಕೊಳ್ಳುತ್ತಾರಾ? "ಮನೇಲೇ ಕೊಟ್ಬುಡು ಮೊಗ, ಬಯಲಲ್ಲಿ ಬ್ಯಾಡ" ಅಂದೆ. "ಮನೇಲಿ ಕೊಟ್ರೆ ಮನೇಲೇ ಬಚ್ಚಿಡ್ತಾರೆ ಅಜ್ಜಿ" ಅಂದಳು.

ಹೋದ ವರ್ಷದ ದಸರೆ. ಪಂದ್ಯ ಕೊಳ್ಳೇಗಾಲದಲ್ಲೇ. ಮಿಲ್ಟ್ರಿಯೋರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗಡ್ಡ ನುಣ್ಣಗೆ ಬೋಳಿಸಿಕೊಂಡು ಬಂದು ಕುಳಿತರು. ಎಂದಿಗಿಂತ ಹೆಚ್ಚು ಜನ. ನೋಡಲು ಬಂದವರು ಕೋವಿ ನೋಡಲು ಬಂದಿರಲಿಲ್ಲ ಅನ್ನುವುದು ನನಗೂ ಗೊತ್ತಿತ್ತು. ಮೂಲೆಯಲ್ಲಿ ನಿಂತ ಹುಡುಗರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯುತ್ತಿದ್ದರು. ಯಾರು ಮೊದಲು ಹೋಗುವುದು ಅಂತ ಅವರು ನೋಡುತ್ತಿರುವಾಗಲೇ ಭಾಗ್ಯ ಎದ್ದು ಹೋಗಿ ಮಿಲ್ಟ್ರಿಯೋರ ಮುಂದೆ ನಿಂತಳು.

"ಯಾರುದು ಇದು?" ಅಂದರು, ಯಾವಾಗಲೂ ಕೇಳುವ ಹಾಗೆಯೇ.

"ನಿಮ್ದು ತಾತ."

ಅವರು ತಲೆ ಎತ್ತಿದರು. ಕೋವಿ ತೆಗೆದುಕೊಂಡರು. ಬಲಗೈ ರೂಢಿಯಂತೆ ಬೋಲ್ಟಿನ ಹಿಡಿಗೆ ಹೋಯಿತು. ಅಲ್ಲಿ ಬರೀ ಮರ. ಕೈ ಅಲ್ಲೇ ನಿಂತಿತು. ಎಡಗೈ ನಿಧಾನವಾಗಿ ಆ ಕಡೆ ಸವರಿ ಹಿಡಿಯನ್ನು ಮುಟ್ಟಿತು. ಆಮೇಲೆ ಹೆಬ್ಬೆರಳು ಕೆನ್ನೆದಿಂಬಿನ ಮೇಲೆ ಹೋಗಿ ಬಂತು, ಹೋಗಿ ಬಂತು. ಅವರಿಗೆ ಎಲ್ಲ ತಿಳಿಯಿತು. ಅವರ ಕತ್ತಿನ ನರ ಉಬ್ಬಿದ್ದು ನಾನು ಕುಳಿತಲ್ಲಿಗೆ ಕಾಣುತ್ತಿತ್ತು. ಇದನ್ನು ಹಾಗೇ ಮಡಿಲಿಂದ ಕೆಳಗಿಟ್ಟು, ತಪ್ಪು ಮಾಡಿದ್ದೀಯ ಅಂತ ಗದರಿಸಿ ಕಳಿಸಿಬಿಡಬಹುದಿತ್ತು. ಜನ ಅದನ್ನು ಹುಡುಗಿಯ ತಪ್ಪು ಅಂತಲೇ ತಿಳಿಯುತ್ತಿದ್ದರು. ಕುರ್ಚಿಯೂ ಉಳಿಯುತ್ತಿತ್ತು. ಎಡಭುಜಕ್ಕೆ ಏರಿಸಿದರೆ ಮಾತ್ರ ಮೂರೂ ಕಡೆಯ ಜನರೆದುರು ಬಲಗಣ್ಣು ಇಲ್ಲ ಅಂತ ತಾವೇ ಹೇಳಿದ ಹಾಗೆ.

ಭಾಗ್ಯ ತುಟಿ ಕಚ್ಚಿಕೊಂಡು ನಿಂತಿದ್ದಳು. ನಾನು ಪಕ್ಕದವಳ ಕೈಯನ್ನು ಎಷ್ಟು ಜೋರಾಗಿ ಹಿಡಿದಿದ್ದೆನೋ, ಅವಳು "ಬುಡವ್ವ, ಬಳೆ ಒಡೀತದೆ" ಅಂದಳು.

ಮಿಲ್ಟ್ರಿಯೋರು ಎದ್ದು ನಿಂತರು. ಎರಡೂ ಕಣ್ಣು ಮುಚ್ಚಿದರು. ಕೋವಿಯನ್ನು ಎಡಭುಜಕ್ಕೆ ಏರಿಸಿ, ಎಡಗೆನ್ನೆಯನ್ನು ಮರಕ್ಕೆ ಇಟ್ಟರು. ಎಡಗಣ್ಣು ಒಂದನ್ನೇ ತೆರೆದರು.

ಬಹಳ ಹೊತ್ತು ಹಾಗೇ ನಿಂತಿದ್ದರು. ಕತ್ತು ಅಲುಗಲಿಲ್ಲ.

"ಎರಡು ಎಳೆ ಅದೆ" ಅಂದರು. "ನೇರಕ್ಕದೆ. ಆ ಬೇವಿನ ಮರದ ತುದೀಲಿ ಕಾಗೆ ಕುಂತದೆ. ಕಡ್ಡಿ ಕಚ್ಕಂಡದೆ."

ಎಲ್ಲರೂ ಬೇವಿನ ಮರದ ಕಡೆ ತಿರುಗಿದರು. ಕಾಗೆ ಇತ್ತು. ಕೊಕ್ಕಿನಲ್ಲಿ ಕಡ್ಡಿಯೂ ಇತ್ತು.

ಕೋವಿ ಇಳಿಸಿ ಜನರ ಕಡೆ ತಿರುಗಿ ಅವರು ಹೇಳಿದ್ದು ನನಗೆ ಒಂದಕ್ಷರವೂ ಮರೆತಿಲ್ಲ. "ನನ್ ಬಲಗಣ್ಣು ಓಗಿ ಬಾಳ ದಿನ ಆಯ್ತು. ಓದ್ವರ್ಸ ನಂಜುಂಡನ ಕೋವೀಲಿ ನಂಗೆ ಏನೂ ಕಾಣ್ಲಿಲ್ಲ. ಕಂಡಂಗೆ ಯೋಳ್ಬುಟ್ಟೆ. ಆವತ್ತು ಕೊಟ್ಟ ತೀರ್ಪು ತೀರ್ಪಲ್ಲ. ತಪ್ಪಾಯ್ತು."

ಮೂಲೆಯ ಹುಡುಗರು ಕಾಲ ಬುಡ ನೋಡುತ್ತಿದ್ದರು. ನಂಜುಂಡಾಚಾರಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಅಯ್ಯೋ ಬುಡಿ ಸಾ, ನಿಮ್ ಬಾಯಲ್ಲಿ ತಪ್ಪು ಅನ್ನೋ ಮಾತು ಬ್ಯಾಡ" ಅಂದ.

"ಸುಮ್ಕಿರ್ಲಾ" ಅಂದರು. ಆಮೇಲೆ ಭಾಗ್ಯಳ ಕಡೆ ತಿರುಗಿದರು. ಅಲ್ಲಿ ಅವರ ಬಗ್ಗೆ ನನಗಿದ್ದ ಭಯಭಕ್ತಿ ಇಮ್ಮಡಿಯಾಯಿತು ನೋಡಿ. "ಈ ಕೋವಿ ಪಂದ್ಯಕ್ಕಿಲ್ಲ. ಎಡಗಡೆ ಬೋಲ್ಟು ಇರೋ ತ್ರೀ-ನಾಟ್-ತ್ರೀನ ನಾನು ಪಟಾಲಮ್ಮಲ್ಲಿ ಕಂಡಿಲ್ಲ. ಅಸಲಿಲ್ಲದ ಮ್ಯಾಕೆ ನಕಲು ಎಂಗಾದದು? ತೆಗ್ದಿದ್ದೀನಿ" ಅಂದರು. ತಮಗೆಂದೇ ಮಾಡಿದ ಕೋವಿ, ತಮ್ಮ ಕಣ್ಣಿಗೆ ಬೆಳಕು ತಂದ ಕೋವಿ. ಆದರೂ ತೆಗೆದರು. ಭಾಗ್ಯ ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ನಾನಂತೂ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದೆ.

"ಇಲ್ಲೊಂದು ಕುರ್ಚಿ ತನ್ನಿ" ಅಂದರು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆ ದಿನ ಮರದ ಕೆಲಸವನ್ನು ಅವರು ಅಂಗೈಯಲ್ಲಿ ಸವರಿ ನೋಡಿದರು, ಎಳೆ ಮತ್ತು ಗುರಿಯನ್ನು ಅವಳು ಕಣ್ಣಿಟ್ಟು ನೋಡಿದಳು. ಮಧುವನಹಳ್ಳಿಯವನ ಕೋವಿಯ ವಿಷಯದಲ್ಲಿ ಇಬ್ಬರಿಗೂ ಒಮ್ಮತ ಬರಲಿಲ್ಲ. ಅವರು ಚೆನ್ನಾಗಿದೆ ಅಂದರು, ಇವಳು ದುರ್ಬೀನು ಒಂದು ಎಳೆ ವಾರೆ ಇದೆ ಅಂದಳು. "ತಾತ, ಕೈಗೆ ಸಿಕ್ಕಲ್ಲ ಅದು, ಕಣ್ಣಿಗೇ ಸಿಕ್ಕೋದು" ಅಂದಳು. ಅವರಿಗೆ ಎದುರಾಡಿದವರನ್ನು ನಾನು ಕಂಡೇ ಇರಲಿಲ್ಲ. ಅವರು ಆ ಕೋವಿಯನ್ನು ಮತ್ತೆ ಸವರಿ, "ಅಂಗಾದ್ರೆ ವಾರೆ" ಅಂದರು. ಮೊದಲ ಬಹುಮಾನ ನಂಜುಂಡಾಚಾರಿಗೆ ಬಂತು. ಅವನ ಎಳೆ ಆ ಸಲ ಕಿತ್ತಿರಲಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಎಲ್ಲರೂ ಬಸ್‌ಸ್ಟ್ಯಾಂಡಿನ ಕಡೆ ಹೋದರು. ನಾವು ಮೂವರು ಮನೆಯ ದಾರಿ ಹಿಡಿದೆವು. ಪೇಟೆಯ ಬೀದಿ, ಜನ, ಸೈಕಲ್ಲು, ಎತ್ತಿನ ಗಾಡಿ. ಭಾಗ್ಯ ತನ್ನ ಕೋವಿಯನ್ನು ಬಿಚ್ಚಿ ಅರ್ಧ ನನ್ನ ಚೀಲಕ್ಕೆ, ಅರ್ಧ ತನ್ನ ಚೀಲಕ್ಕೆ ಹಾಕಿಕೊಂಡು ಅವರ ಎಡಗಡೆ ನಡೆಯುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಅವರು ನಿಂತರು. ನಾನು ಒಂದು ಹೆಜ್ಜೆ ಹಿಂದಿದ್ದೆ, ಆದ್ದರಿಂದ ಕೇಳಿಸಿತು.

"ಈ ಕಡಿಗೆ ಬಾ ಮೊಗ, ಬಲಗಡಿಗೆ. ಈ ಕಡೆ ನಂಗೆ ಕಾಣದಿಲ್ಲ" ಅಂದರು.

ಅವಳು ಸುತ್ತಿ ಬಂದು ಅವರ ಬಲಕ್ಕೆ ಸೇರಿಕೊಂಡಳು. ಅವರು ಪೇಟೆಯ ನಡುಬೀದಿಯಲ್ಲೇ, ತಲೆ ಎತ್ತಿಕೊಂಡು ನಡೆದರು.